ಕೈಗುಣ ಎಂದರೆ ಏನು?

ಮದುವೆ ಊಟ ಮುಗಿಸಿ ಬಂದವರನ್ನು ಮಾತಾಡಿಸಿ ನೋಡಿ. ಗಂಡಿನ ಕೆಲಸ, ಹೆಣ್ಣಿನ ಸೀರೆ, ಛತ್ರದ ಅಲಂಕಾರ ಇವೆಲ್ಲ ಆಮೇಲಿನ ಮಾತು. ಮೊದಲು ಬರುವುದು ಊಟದ ಸುದ್ದಿ. ‘ಹೋಳಿಗೆ ಪರವಾಗಿಲ್ಲ. ಆದರೆ ಆ ತಿಳಿಸಾರು ಇತ್ತಲ್ಲ, ಎರಡು ಸಲ ಹಾಕಿಸಿಕೊಂಡೆ. ಏನು ಕೈಗುಣ ಅಂತೀರಿ ಭಟ್ಟರದ್ದು!’

ಈ ‘ಕೈಗುಣ’ ಎಂಬ ಮಾತು ನನ್ನನ್ನು ಚಿಕ್ಕಂದಿನಿಂದ ಕಾಡಿದೆ. ಅದೇ ತೊಗರಿಬೇಳೆ, ಅದೇ ಹುಣಸೆಹಣ್ಣು, ಒಂದೇ ಅಂಗಡಿಯ ಮೆಣಸಿನಕಾಯಿ. ಆದರೂ ಈ ಮನೆಯ ಸಾರು ಒಂದು ರುಚಿ, ಪಕ್ಕದ ಮನೆಯದು ಇನ್ನೊಂದು ರುಚಿ. ಯಾಕೆ ಎಂದು ಕೇಳಿದರೆ ‘ಅದು ಅವಳ ಕೈಗುಣ’ ಎಂದು ಹೇಳಿ ಮಾತು ಮುಗಿಸಿಬಿಡುತ್ತಾರೆ. ಮಚ್ಚೆಯ ಹಾಗೆ ಅದು ಹುಟ್ಟಿನಿಂದಲೇ ಬಂದದ್ದು, ಬೇರೆಯವರಿಗೆ ಸಿಗುವುದಲ್ಲ ಎಂಬಂತೆ.

ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಚೆನ್ನಾಗಿ ಅಡುಗೆ ಮಾಡುವವರನ್ನು ನೋಡುವುದು ನನ್ನ ಹಳೆಯ ಅಭ್ಯಾಸ. ನೋಡುತ್ತಾ ನೋಡುತ್ತಾ ನನಗೆ ತಿಳಿದದ್ದು ಇಷ್ಟು: ಕೈಗುಣದಲ್ಲಿ ಕೈಯ ಪಾಲು ಸ್ವಲ್ಪವೇ. ಕಿವಿ, ಮೂಗು, ಕಣ್ಣು ಇವುಗಳ ಪಾಲೂ ಅದರಲ್ಲಿದೆ. ಅದಕ್ಕಿಂತ ದೊಡ್ಡ ಪಾಲು ಉಣ್ಣುವವರ ಮೇಲಿನ ಗಮನದ್ದು. ಇವೆಲ್ಲ ಕಲಿಯಬಹುದಾದ ಸಂಗತಿಗಳು.

ಅಡುಗೆಯೇ ಗುರುತು ಹಿಡಿದು ಕೊಟ್ಟಿತು

ನಮ್ಮಲ್ಲಿ ಒಳ್ಳೆಯ ಅಡುಗೆಗೆ ‘ನಳಪಾಕ’ ಎನ್ನುತ್ತೇವೆ, ‘ಭೀಮಪಾಕ’ ಎಂದೂ ಹೇಳುತ್ತೇವೆ. ಇಬ್ಬರೂ ಗಂಡಸರು, ಇಬ್ಬರೂ ರಾಜಮನೆತನದವರು. ‘ಅಡುಗೆ ಹೆಣ್ಣುಮಕ್ಕಳ ಕೆಲಸ’ ಎಂದು ತಟ್ಟೆಯ ಮುಂದೆ ಕೂತು ಕಾಯುವ ಹುಡುಗರು ಇದನ್ನು ಗಮನಿಸಬೇಕು.

ಭೀಮಸೇನ ಅಜ್ಞಾತವಾಸದ ಒಂದು ವರ್ಷ ವಿರಾಟರಾಜನ ಅಡುಗೆಮನೆಯಲ್ಲಿ ಬಾಣಸಿಗನಾಗಿದ್ದ. ಕನ್ನಡಿಗರಿಗೆ ಅವನು ‘ವಲಲ’ ಎಂಬ ಹೆಸರಿನಿಂದ ಪರಿಚಿತ. ನಳನ ಕಥೆ ಇನ್ನೂ ಸ್ವಾರಸ್ಯದ್ದು. ರಾಜ್ಯ ಕಳೆದುಕೊಂಡ ನಳ ರೂಪ ಬದಲಾಗಿ ‘ಬಾಹುಕ’ ಎಂಬ ಹೆಸರಿನಲ್ಲಿ ಋತುಪರ್ಣ ರಾಜನ ಬಳಿ ಕೆಲಸಕ್ಕಿದ್ದ. ಅವನನ್ನು ಹುಡುಕುತ್ತಿದ್ದ ದಮಯಂತಿಗೆ ಈ ಕುಳ್ಳ, ಕುರೂಪಿ ಸಾರಥಿಯ ಮೇಲೆ ಅನುಮಾನ ಬಂತು. ಮುಖ ನೋಡಿದರೆ ನಳನಲ್ಲ. ಆಗ ಅವಳು ಮಾಡಿದ ಉಪಾಯವೇನು ಗೊತ್ತೇ? ಬಾಹುಕ ಬೇಯಿಸಿದ ಅಡುಗೆಯನ್ನು ದಾಸಿಯ ಕೈಯಲ್ಲಿ ತರಿಸಿ ರುಚಿ ನೋಡಿದಳು. ಹಿಂದೆ ಎಷ್ಟೋ ಸಲ ಉಂಡಿದ್ದ ರುಚಿ ಅದು. ಮುಖ ಮರೆಮಾಡಿದ ಗುರುತನ್ನು ಅಡುಗೆ ತೋರಿಸಿಕೊಟ್ಟಿತು.

ಈ ಕಥೆಯಲ್ಲಿ ನನಗೆ ಮೆಚ್ಚಿಗೆಯಾಗುವುದು ಇಬ್ಬರ ಪಾಲೂ ಅದರಲ್ಲಿದೆ ಎಂಬುದು. ನಳ ಮನಸ್ಸಿಟ್ಟು ಮಾಡಿದ್ದ, ದಮಯಂತಿ ಮನಸ್ಸಿಟ್ಟು ಉಂಡಿದ್ದಳು. ಟಿ.ವಿ. ನೋಡುತ್ತಾ, ಮೊಬೈಲ್ ಒತ್ತುತ್ತಾ ಉಂಡಿದ್ದರೆ ಆ ಗುರುತು ಸಿಗುತ್ತಿತ್ತೇ?

ಪುಸ್ತಕ ಕೈಬಿಡುವ ಜಾಗ

ಅಡುಗೆಯನ್ನು ಬರೆದಿಡುವ ಕೆಲಸ ನಮ್ಮ ನಾಡಿನಲ್ಲಿ ಹೊಸತಲ್ಲ. ಸುಮಾರು 1025ರಲ್ಲಿ ಚಾವುಂಡರಾಯ ಎಂಬಾತ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಗ್ರಂಥದಲ್ಲಿ ಬೇಸಾಯ, ನೆಲದೊಳಗಿನ ನೀರು ಹುಡುಕುವ ಬಗೆ ಇವುಗಳ ಜೊತೆಗೆ ಅಡುಗೆಯ ವಿಷಯವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟದ ವಿವರಗಳು ಸಿಗುತ್ತವೆ. ಸುಮಾರು 500 ವರ್ಷಗಳ ಹಿಂದೆ ಮಂಗರಸ ಕವಿ ಅಡುಗೆಗೆಂದೇ ‘ಸೂಪಶಾಸ್ತ್ರ’ ಎಂಬ ಕನ್ನಡ ಕಾವ್ಯ ಬರೆದ. ಇಂದು ಪುಸ್ತಕದಂಗಡಿಯ ತುಂಬ ಅಡುಗೆ ಪುಸ್ತಕಗಳಿವೆ, ಫೋನು ಒತ್ತಿದರೆ ವಿಡಿಯೊಗಳಿವೆ.

ಆದರೆ ಎಲ್ಲ ಅಡುಗೆ ಪುಸ್ತಕಗಳೂ ಒಂದು ಜಾಗದಲ್ಲಿ ನಮ್ಮ ಕೈಬಿಡುತ್ತವೆ. ‘ಹದವಾಗಿ ಹುರಿದುಕೊಳ್ಳಿ’ ಎನ್ನುತ್ತವೆ. ‘ರುಚಿಗೆ ತಕ್ಕಷ್ಟು ಉಪ್ಪು ಹಾಕಿ’ ಎನ್ನುತ್ತವೆ. ಹದ ಎಂದರೆ ಎಷ್ಟು? ರುಚಿಗೆ ಎಂದರೆ ಯಾರ ರುಚಿಗೆ? ಪುಸ್ತಕ ಉತ್ತರ ಕೊಡುವುದಿಲ್ಲ. ಅಲ್ಲಿಂದ ಮುಂದಿನದು ಅಡುಗೆ ಮಾಡುವವರ ಜವಾಬ್ದಾರಿ.

ಮೈಸೂರು ಪಾಕನ್ನೇ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಅದನ್ನು ಮೊದಲು ಮಾಡಿದರು ಎಂದು ಮೈಸೂರಿನಲ್ಲಿ ಹೇಳುತ್ತಾರೆ. ಬೇಕಾದ ಸಾಮಾನು ಮೂರೇ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಮಗ್ಗಿ ಕಲಿತ ಮಗುವೂ ಇದರ ಅಳತೆ ನೆನಪಿಟ್ಟುಕೊಳ್ಳಬಹುದು. ಆದರೆ ಒಲೆಯ ಮುಂದೆ ನಿಂತಾಗ ಗೊತ್ತಾಗುತ್ತದೆ ಕಷ್ಟ. ಸಕ್ಕರೆ ಪಾಕ ಎಳೆ ಬರಬೇಕು. ಹಿಟ್ಟು ಗಂಟಾಗದಂತೆ ಬೆರೆಯಬೇಕು. ಕಾದ ತುಪ್ಪವನ್ನು ಸೌಟು ಸೌಟಾಗಿ ಹಾಕಿದಾಗ ಅದು ನೊರೆಯೆದ್ದು, ಗೂಡುಗೂಡಾಗಿ, ಬಾಣಲೆಯ ಅಂಚು ಬಿಡುವ ಒಂದು ಗಳಿಗೆ ಬರುತ್ತದೆ. ಆ ಗಳಿಗೆಗೆ ಸರಿಯಾಗಿ ತಟ್ಟೆಗೆ ಸುರಿದರೆ ಮೈಸೂರು ಪಾಕು. ಸ್ವಲ್ಪ ಮುಂಚೆಯಾದರೆ ಹಲ್ವ, ಸ್ವಲ್ಪ ತಡವಾದರೆ ಇಟ್ಟಿಗೆ. ಆ ಗಳಿಗೆಯನ್ನು ಗುರುತಿಸುವುದಕ್ಕೆ ನಮ್ಮವರು ‘ಹದ ನೋಡುವುದು’ ಎಂದರು. ನೋಡುವುದು ಎಂಬ ಮಾತಿನಲ್ಲೇ ಎಲ್ಲ ಇದೆ.

ಕಿವಿ, ಮೂಗು, ಬೆರಳು

ಒಳ್ಳೆಯ ಅಡುಗೆಯವರು ಎಲ್ಲಕ್ಕಿಂತ ಮೊದಲು ಕಿವಿಗೊಡುತ್ತಾರೆ. ಒಗ್ಗರಣೆಗೆ ಸಾಸಿವೆ ಹಾಕಿ ಅವರು ತರಕಾರಿ ಹೆಚ್ಚುತ್ತಿರುತ್ತಾರೆ, ಬಾಣಲೆಯ ಕಡೆ ನೋಡುವುದೂ ಇಲ್ಲ. ಚಟಪಟ ಶುರುವಾಗಿ, ಜೋರಾಗಿ, ಇನ್ನೇನು ನಿಧಾನವಾಯಿತು ಎನ್ನುವಾಗ ಕೈ ತಾನಾಗಿ ಕರಿಬೇವಿನ ಕಡೆ ಹೋಗುತ್ತದೆ. ಸಾಸಿವೆ ಸಿಡಿಯುವುದು ಯಾಕೆ? ಅಷ್ಟು ಚಿಕ್ಕ ಕಾಳಿನೊಳಗೂ ತುಸು ನೀರಿನ ಅಂಶ ಇರುತ್ತದೆ. ಕಾದ ಎಣ್ಣೆಯಲ್ಲಿ ಆ ನೀರು ಆವಿಯಾಗಿ ಹೊರಬರಲು ದಾರಿ ಹುಡುಕುತ್ತದೆ, ಸಿಪ್ಪೆ ಒಡೆಯುತ್ತದೆ. ಎಣ್ಣೆ ಕಾಯದಿದ್ದರೆ ಸಿಡಿಯುವುದಿಲ್ಲ, ಹೆಚ್ಚು ಕಾದರೆ ಕರಿದು ಕಹಿಯಾಗುತ್ತದೆ. ಚಟಪಟ ಸದ್ದು ಎಣ್ಣೆಯ ಕಾವನ್ನು ಹೇಳುವ ಥರ್ಮಾಮೀಟರ್.

ದೋಸೆ ಹುಯ್ಯುವ ಮುಂಚೆ ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರಲ್ಲ, ಅದೂ ಹೀಗೆಯೇ. ನೀರು ಸುಮ್ಮನೆ ಕೂತು ನಿಧಾನವಾಗಿ ಆರಿದರೆ ಕಾವು ಸಾಲದು. ‘ಚುಂಯ್’ ಎಂದು ಹಾರಿಹೋದರೆ ಸರಿ. ಹನಿಗಳು ಮುತ್ತಿನಂತೆ ಉರುಳಿ ಓಡಾಡಿದರೆ ಕಾವಲಿ ವಿಪರೀತ ಕಾದಿದೆ ಎಂದು ಅರ್ಥ. ಹನಿಯ ತಳದಲ್ಲಿ ಆವಿಯ ಪದರ ಹುಟ್ಟಿ ಅದು ಹನಿಯನ್ನು ಎತ್ತಿ ಹಿಡಿಯುವುದರಿಂದ ಹೀಗಾಗುತ್ತದೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯರು 1756ರಲ್ಲಿ ಇದರ ಬಗ್ಗೆ ಗ್ರಂಥ ಬರೆದರು. ಅವರ ಹೆಸರು ಕೇಳದ ನಮ್ಮ ಅಜ್ಜಿಯರೂ ಆ ಹನಿಗಳನ್ನು ನೋಡಿ ಉರಿ ತಗ್ಗಿಸುತ್ತಿದ್ದರು.

ಮೂಗಿನ ಕೆಲಸ ಇನ್ನೂ ದೊಡ್ಡದು. ನಾವು ‘ರುಚಿ’ ಎನ್ನುವುದರಲ್ಲಿ ಬಹುಪಾಲು ವಾಸನೆಯೇ. ಮಕ್ಕಳು ಇದನ್ನು ಪರೀಕ್ಷೆ ಮಾಡಬಹುದು. ಏಲಕ್ಕಿ ಹಾಕಿದ ಪಾಯಸವನ್ನು ಮೂಗು ಮುಚ್ಚಿಕೊಂಡು ಒಂದು ಚಮಚ ತಿನ್ನಿ. ಬರೀ ಸಿಹಿ. ಈಗ ಮೂಗು ಬಿಡಿ. ಏಲಕ್ಕಿ ಎಲ್ಲಿಂದಲೋ ಓಡಿ ಬರುತ್ತದೆ! ನೆಗಡಿಯಾದಾಗ ಊಟ ಸಪ್ಪೆ ಎನಿಸುವುದು ಇದಕ್ಕೇ.

ಇನ್ನು ಬೆರಳು. ರಾಗಿಮುದ್ದೆ ಬೆಂದಿದೆಯೇ ಎಂದು ನೋಡಲು ನಮ್ಮ ಕಡೆ ಬೆರಳು ಒದ್ದೆ ಮಾಡಿಕೊಂಡು ಹಿಟ್ಟನ್ನು ಮುಟ್ಟುತ್ತಾರೆ. ಅಂಟಿದರೆ ಇನ್ನೂ ಬೇಯಬೇಕು, ಅಂಟದಿದ್ದರೆ ತೊಳೆಸಿ ಮುದ್ದೆ ಕಟ್ಟಬಹುದು. ಹಾಲಿಗೆ ಹೆಪ್ಪು ಹಾಕುವ ಮುಂಚೆಯೂ ಬೆರಳೇ ಅಳತೆಗೋಲು. ಹಾಲು ತೀರಾ ಬಿಸಿಯಿದ್ದರೆ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಆರಿದ್ದರೆ ಅವು ಮಂಕಾಗಿ ಕೂರುತ್ತವೆ. ಉಗುರು ಬೆಚ್ಚಗಿದ್ದರೆ ಗಟ್ಟಿ ಮೊಸರು.

ಉತ್ತರ ಕರ್ನಾಟಕದ ತಾಯಂದಿರು ಜೋಳದ ರೊಟ್ಟಿ ಬಡಿಯುವುದನ್ನು ನಿಂತು ನೋಡಬೇಕು. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಾರೆ, ಆ ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಅಂಗೈಯಲ್ಲಿ ಪಟಪಟ ಬಡಿಯುತ್ತಾ ತಿರುಗಿಸಿದರೆ ರೊಟ್ಟಿ ತಾನಾಗಿ ಅಗಲವಾಗುತ್ತಾ ಹೋಗುತ್ತದೆ. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅಂಗೈಗೆ ಗೊತ್ತು. ಕೈಗುಣ ಎಂಬ ಮಾತು ಅಕ್ಷರಶಃ ಸಲ್ಲುವುದು ಇಲ್ಲಿ. ಆದರೆ ಆ ಕೈಯ ಹಿಂದೆ ಹರಿದುಹೋದ ಎಷ್ಟು ನೂರು ರೊಟ್ಟಿಗಳಿವೆಯೋ, ಅದನ್ನು ಆ ತಾಯಿಯೇ ಹೇಳಬೇಕು!

ಯಾವುದು ಮೊದಲು, ಯಾವುದು ಆಮೇಲೆ

ಚೆನ್ನಾಗಿ ಅಡುಗೆ ಮಾಡುವವರಿಗೆ ಸರದಿ ಗೊತ್ತು. ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಿಂಡಬಾರದು ಎಂದು ಅಜ್ಜಿ ಹೇಳುವುದು ಸುಮ್ಮನೆ ಅಲ್ಲ. ಬೇಳೆಯ ಒಳಗಿನ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ವಸ್ತು ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಎಷ್ಟು ಕುದಿಸಿದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಇಂಗನ್ನು ಒಗ್ಗರಣೆಯ ಎಣ್ಣೆಗೇ ಹಾಕುವುದು ಯಾಕೆಂದರೆ ಅದರ ಘಮ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಕೊತ್ತಂಬರಿ ಸೊಪ್ಪನ್ನು ಕೊನೆಗೆ ಹಾಕುವುದು ಯಾಕೆಂದರೆ ಅದರ ಘಮ ಕುದಿಯಲ್ಲಿ ಹಾರಿಹೋಗುತ್ತದೆ.

ಕಾಯುವುದೂ ಇದರಲ್ಲೇ ಸೇರಿತು. ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಪಾತ್ರೆ ಮೀರಿ ಉಕ್ಕಿರುತ್ತದೆ. ಮಳೆಗಾಲದಲ್ಲಿ ಅದೇ ಹಿಟ್ಟು ಮುನಿಸಿಕೊಂಡ ಮಗುವಿನ ಹಾಗೆ ಸುಮ್ಮನೆ ಕೂತಿರುತ್ತದೆ. ಹಿಟ್ಟನ್ನು ಹುದುಗಿಸುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗಿನ ಜಾಗ ಬೇಕು. ಒಳ್ಳೆಯ ಅಡುಗೆಯವರು ಹಿಟ್ಟನ್ನು ಬೈಯುವುದಿಲ್ಲ. ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿ, ದೋಸೆಯನ್ನು ನಾಳೆಗೆ ಮುಂದೂಡಿ, ಇವತ್ತು ಉಪ್ಪಿಟ್ಟು ಮಾಡುತ್ತಾರೆ.

ರುಚಿ ನೋಡದೆಯೇ ಅಡುಗೆ

‘ನಾಲಿಗೆ ಚುರುಕಾಗಿದ್ದವರೇ ಒಳ್ಳೆಯ ಅಡುಗೆಯವರು’ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾದರೆ ದೇವಸ್ಥಾನದ ಅಡುಗೆಮನೆಗೆ ಬನ್ನಿ. ನೈವೇದ್ಯಕ್ಕೆ ಇಡುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ನೂರಾರು ಜನಕ್ಕೆ ಬೇಯಿಸುವ ಸಾರಿಗೂ ಹುಳಿಗೂ ಒಂದು ತೊಟ್ಟು ನಾಲಿಗೆಗೆ ಹಾಕದೆ ಉಪ್ಪು ಹಾಕಬೇಕು. ಕುದಿಯುವ ಬಗೆ, ಏಳುವ ಹಬೆಯ ವಾಸನೆ, ನೀರಿನ ಅಳತೆ, ಹಿಡಿಯ ಲೆಕ್ಕ ಇವಿಷ್ಟರಿಂದಲೇ ಅವರು ತೀರ್ಮಾನಿಸುತ್ತಾರೆ. ಮಕ್ಕಳ ಬಿಸಿಯೂಟಕ್ಕೆ ಇರುವ ನಿಯಮ ಇದಕ್ಕೆ ತಿರುಗುಮುರುಗು. ಅಲ್ಲಿ ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಲೇಬೇಕು. ಒಂದು ಕಡೆ ದೇವರ ಮೇಲಿನ ಗೌರವ, ಇನ್ನೊಂದು ಕಡೆ ಮಕ್ಕಳ ಮೇಲಿನ ಕಾಳಜಿ. ಎರಡರಲ್ಲೂ ಉಣ್ಣುವವರೇ ಮೊದಲು.

ಮಲೆನಾಡಿನ ಕಡೆಯ ಒಬ್ಬ ಹಿರಿಯ ಅಡುಗೆ ಭಟ್ಟರನ್ನು ನಾನು ಹಲವು ಮದುವೆಗಳಲ್ಲಿ ನೋಡಿದ್ದೇನೆ. ಸಾಮಾನಿನ ಪಟ್ಟಿ ಬರೆಸುವ ಮೊದಲು ಅವರು ಮನೆಯವರನ್ನು ಪ್ರಶ್ನೆ ಕೇಳುತ್ತಿದ್ದರು. ‘ದಿಬ್ಬಣ ಎಲ್ಲಿಂದ ಬರ್ತದೆ? ಘಟ್ಟದ ರಸ್ತೆಯೋ? ವಯಸ್ಸಾದವರು ಎಷ್ಟು ಜನ? ಧಾರೆ ಮುಗಿಯೋದು ಎಷ್ಟು ಹೊತ್ತಿಗೆ?’ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಬಂದವರಿಗೆ ಮೊದಲು ಶುಂಠಿ ಹಾಕಿದ ನೀರುಮಜ್ಜಿಗೆ. ಹಲ್ಲಿಲ್ಲದವರು ಹೆಚ್ಚಿದ್ದರೆ ಪಲ್ಯಕ್ಕೆ ಬೀನ್ಸ್ ಬದಲು ಕುಂಬಳಕಾಯಿ. ಊಟ ಮೂರು ಗಂಟೆಗೆ ಎಂದರೆ ಕರಿದದ್ದು ಕಮ್ಮಿ, ತಿಳಿಸಾರು ಜಾಸ್ತಿ.

ಮೊದಲ ಪಂಕ್ತಿ ಎದ್ದ ಮೇಲೆ ಅವರು ಹೆಗಲ ಮೇಲಿನ ಪಂಚೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಊಟದ ಮನೆಗೆ ಬಂದು ಎಲೆಗಳನ್ನು ನೋಡುತ್ತಾ ಒಂದು ಸುತ್ತು ಹಾಕುತ್ತಿದ್ದರು. ಎಲ್ಲ ಎಲೆಗಳಲ್ಲೂ ಕೋಸಂಬರಿ ಉಳಿದಿದ್ದರೆ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಅರ್ಥ. ಎರಡನೇ ಪಂಕ್ತಿಯ ಹೊತ್ತಿಗೆ ಅದಕ್ಕೆ ನಿಂಬೆಹಣ್ಣು ಬಿದ್ದಿರುತ್ತಿತ್ತು. ಬಾಯಿ ಮಾತಿನಲ್ಲಿ ಎಲ್ಲರೂ ‘ಬಹಳ ಚೆನ್ನಾಗಿತ್ತು’ ಎನ್ನುತ್ತಾರೆ, ಎಲೆ ಹಾಗೆ ದಾಕ್ಷಿಣ್ಯಕ್ಕೆ ಮಾತಾಡುವುದಿಲ್ಲ ಎಂಬುದು ಅವರ ಲೆಕ್ಕ.

ಇದ್ದುದರಲ್ಲೇ ಅಡುಗೆ

ಎಲ್ಲ ಸಾಮಾನೂ ಇದ್ದಾಗ ರುಚಿಯಾಗಿ ಮಾಡುವುದು ಒಂದು ಹಂತ. ಇಲ್ಲದಾಗ ಮಾಡುವುದು ಅದಕ್ಕಿಂತ ಮೇಲಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅಕ್ಕಿಯ ಬದಲು ರವೆ ಬಳಸಿ ನೋಡಿದ್ದರಿಂದ ರವೆ ಇಡ್ಲಿ ಹುಟ್ಟಿತು ಎಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು, ಅಂದರೆ ಎಂ.ಟಿ.ಆರ್.ನವರು, ಹೇಳಿಕೊಂಡು ಬಂದಿದ್ದಾರೆ. ಅಭಾವ ಮುಗಿದು ಎಷ್ಟೋ ವರ್ಷಗಳಾದವು. ರವೆ ಇಡ್ಲಿ ಮಾತ್ರ ಉಳಿದುಕೊಂಡಿತು.

ಹೆಸರು ಗೊತ್ತಿಲ್ಲದ ಎಷ್ಟೋ ತಾಯಂದಿರು ಇಂಥದ್ದೇ ಕೆಲಸ ಮಾಡಿದ್ದಾರೆ. ಹೀರೆಕಾಯಿಯನ್ನು ಪಲ್ಯಕ್ಕೆ ಹಾಕಿ ಸಿಪ್ಪೆಯನ್ನು ಚಟ್ನಿ ಮಾಡಿದವರು ಯಾರು? ಹಲಸಿನ ತೊಳೆ ತಿಂದು ಬೀಜವನ್ನು ಮಳೆಗಾಲದ ಹುಳಿಗೆ ಎತ್ತಿಟ್ಟವರು ಯಾರು? ಹಳೇ ಮೈಸೂರಿನ ಬಸ್ಸಾರನ್ನು ನೆನೆಸಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಖಾರ ರುಬ್ಬಿ ಹಾಕಿ ಸಾರು ಮಾಡಿದರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರು. ಒಂದು ಪಾತ್ರೆಯಿಂದ ಎರಡು ಅಡುಗೆ, ಚೆಲ್ಲಿದ್ದು ಏನೂ ಇಲ್ಲ. ಯಾವ ಬಡ ಅಡುಗೆಮನೆಯಲ್ಲಿ ಇದು ಮೊದಲು ಹೊಳೆಯಿತೋ, ಇವತ್ತು ದೊಡ್ಡ ಹೋಟೆಲುಗಳೂ ಬಸ್ಸಾರನ್ನು ಹೆಮ್ಮೆಯಿಂದ ಬಡಿಸುತ್ತವೆ.

ದೊಡ್ಡಮ್ಮನ ಮೂಗು

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ದೊಡ್ಡಮ್ಮನ ವಿಷಯ ಹೇಳಲೇಬೇಕು.

ಅವರಿಗೆ ಈಗ ಎಂಬತ್ತು ದಾಟಿದೆ. ಅವರ ಸಾರಿಗೆ ಊರಲ್ಲೆಲ್ಲ ಹೆಸರು. ಬಾಣಂತಿಗೆ, ಜ್ವರ ಬಿಟ್ಟವರಿಗೆ ‘ಅವರ ಮನೆ ಸಾರು ಒಂದು ಲೋಟ ಇಸ್ಕೊಂಡು ಬಾ’ ಎಂದು ಜನ ಕಳಿಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಕೆಟ್ಟ ಜ್ವರ, ನೆಗಡಿ ಬಂದು ಹೋಯಿತು. ಆಮೇಲೆ ಒಂದು ದಿನ ಒಲೆಯ ಮೇಲಿದ್ದ ಹಾಲು ತಳ ಹಿಡಿದು ಸೀದುಹೋಯಿತು. ಹೊರಗೆ ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನಿಗೆ ವಾಸನೆ ಬಂತು. ಒಲೆಯ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ದೊಡ್ಡಮ್ಮನಿಗೆ ಬರಲಿಲ್ಲ. ವಯಸ್ಸಾದಂತೆ ಕಣ್ಣು, ಕಿವಿಯ ಹಾಗೆ ಮೂಗೂ ಮಂದವಾಗುತ್ತದೆ, ಜ್ವರ ನೆಗಡಿಯ ನಂತರವೂ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು.

ದೊಡ್ಡಮ್ಮ ಅಡುಗೆಮನೆಯಿಂದ ಹೊರಗೆ ಬಂದುಬಿಟ್ಟರು. ಸೊಸೆ ಚೆನ್ನಾಗಿಯೇ ಮಾಡಿ ಹಾಕುತ್ತಿದ್ದಳು, ಮನೆಯಲ್ಲಿ ಊಟಕ್ಕೆ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ದೊಡ್ಡಮ್ಮನಿಗೆ. ‘ಬಾಯಿಗೆ ಇಟ್ಟಿದ್ದು ಅನ್ನವೋ ಮಣ್ಣೋ ಗೊತ್ತಾಗಲ್ಲ ಕಣಪ್ಪ’ ಎನ್ನುತ್ತಾ ಅರ್ಧ ಊಟಕ್ಕೇ ಏಳುತ್ತಿದ್ದರು. ಮೈ ಇಳಿಯಿತು, ಮಾತು ಕಡಿಮೆಯಾಯಿತು. ಅಡುಗೆ ಮಾಡದ ದೊಡ್ಡಮ್ಮ ಯಾರು ಎಂಬುದು ಅವರಿಗೇ ತಿಳಿಯದಂತಾಗಿತ್ತು.

ಬೇಸಿಗೆ ರಜಕ್ಕೆ ಮೊಮ್ಮಗಳು ಬಂದಳು. ಐದನೇ ಕ್ಲಾಸು, ಮಹಾ ಹಟಮಾರಿ. ಅಜ್ಜಿಯ ಸಾರೇ ಬೇಕೆಂದು ಕೂತಳು. ನಾನೂ ಆವತ್ತು ಅಲ್ಲೇ ಇದ್ದೆ.

‘ನಂಗೆ ವಾಸನೆ ಗೊತ್ತಾಗಲ್ಲ ಕಣೇ ಮಗಾ.’

‘ನಂಗೆ ಗೊತ್ತಾಗುತ್ತಲ್ಲ ಅಜ್ಜಿ. ನಾನು ಹೇಳ್ತೀನಿ, ನೀನು ಮಾಡು.’

ದೊಡ್ಡಮ್ಮ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಬಾಣಲೆಗೆ ಬಿತ್ತು.

‘ಈಗೇನು ವಾಸನೆ ಬರ್ತಿದೆ?’

‘ಏನೂ ಇಲ್ಲ.’

‘ಕೈಯಾಡಿಸ್ತಾ ಇರು. ಈಗ?’

‘ಒಣ ಹುಲ್ಲಿನ ಥರ.’

‘ಇನ್ನೂ ಆಗಿಲ್ಲ. ಸದ್ದು ಕೇಳು. ಹಸಿ ಬೀಜ ಮೆತ್ತಗೆ ಹೊರಳುತ್ತೆ. ಹುರಿದದ್ದು ಸರಸರ ಅನ್ನುತ್ತೆ.’

‘ಅಜ್ಜೀ, ಈಗ ದಿನಸಿ ಅಂಗಡಿ ಒಳಗೆ ಹೋದ ಹಾಗಿದೆ!’

‘ಇಳಿಸು, ಇಳಿಸು! ಬಾಣಲೆಯಲ್ಲೇ ಬಿಡಬೇಡ, ಆ ಕಾವಿಗೆ ಸೀದುಹೋಗುತ್ತೆ. ತಟ್ಟೆಗೆ ಸುರಿ.’

ಮೆಂತ್ಯ, ಜೀರಿಗೆ, ಮೆಣಸು ಎಲ್ಲವೂ ಹೀಗೇ ಒಂದೊಂದಾಗಿ ಆದವು. ಮೂಗು, ನಾಲಿಗೆ ಮೊಮ್ಮಗಳದು, ಕಣ್ಣು, ಕಿವಿ, ಲೆಕ್ಕ ಅಜ್ಜಿಯದು. ಉಪ್ಪು ಹಾಕಿ ಚಮಚದಲ್ಲಿ ಅವಳಿಗೆ ಕೊಟ್ಟು ‘ನಿಂಗೆ ಸರಿ ಅನ್ನಿಸಿದ್ದಕ್ಕಿಂತ ಒಂದು ಚೂರು ಕಮ್ಮಿ ಇರಲಿ, ತಾತಂಗೆ ಬಿ.ಪಿ. ಇದೆ’ ಎಂದರು. ವಾಸನೆಯೇ ತಿಳಿಯದ ದೊಡ್ಡಮ್ಮನಿಗೆ ದೊಡ್ಡಪ್ಪನ ಬಿ.ಪಿ. ಮರೆತಿರಲಿಲ್ಲ.

ಆ ದಿನದ ಸಾರು ಹಳೆಯ ಸಾರಿನ ಪಡಿಯಚ್ಚಾಗಿರಲಿಲ್ಲ. ಹುಳಿ ತುಸು ಮುಂದಿತ್ತು, ಐದನೇ ಕ್ಲಾಸಿನ ನಾಲಿಗೆಗೆ ಹುಳಿ ಇಷ್ಟ. ದೊಡ್ಡಪ್ಪ ಏನೂ ಮಾತಾಡದೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ದೊಡ್ಡಮ್ಮ ‘ಹೇಗಿದೆ?’ ಎಂದು ಮೊಮ್ಮಗಳನ್ನು ಕೇಳುತ್ತಾ, ಅವಳು ವರ್ಣಿಸುವುದನ್ನು ಕೇಳುತ್ತಾ, ತಮ್ಮ ತಟ್ಟೆಯ ಅನ್ನ ಪೂರ್ತಿ ಉಂಡರು.

ಆ ರಜದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅರವತ್ತು ವರ್ಷ ಅಡುಗೆ ಮಾಡಿದ ದೊಡ್ಡಮ್ಮ ತಮಗೆ ಗೊತ್ತಿದ್ದದ್ದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬಾರದು ಎಂದಲ್ಲ, ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಮೂಗು ಹೇಳುತ್ತಿತ್ತು, ಕೈ ಮಾಡುತ್ತಿತ್ತು. ಮಗಳು, ಸೊಸೆ ಕೇಳಿದರೆ ‘ಕಣ್ಣಳತೆ ಕಣೇ’ ಎಂದುಬಿಡುತ್ತಿದ್ದರು. ಮೂಗು ಹೋದ ಮೇಲೆ ಇನ್ನೊಬ್ಬರ ಮೂಗಿಗೆ ಕೇಳಿ ಕೇಳಿ ಮಾಡಬೇಕಾಯಿತು. ಕೇಳುವುದಕ್ಕೆ ಮಾತು ಬೇಕಾಯಿತು. ಹಾಗೆ ಬಂದ ಮಾತುಗಳನ್ನು ಆ ಹುಡುಗಿ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡಿದ್ದಾಳೆ. ‘ಮೆಂತ್ಯ: ಚಿನ್ನದ ಬಣ್ಣಕ್ಕೆ ನಿಲ್ಲಿಸಬೇಕು, ಕೆಂಪಾದರೆ ಕಹಿ’ ಎಂದು ಅಲ್ಲಿದೆ. ‘ಕೊತ್ತಂಬರಿ: ದಿನಸಿ ಅಂಗಡಿ’ ಎಂದೂ ಇದೆ.

ದೊಡ್ಡಮ್ಮನ ಕೈಗುಣ ಮೂಗಿನಲ್ಲಿದ್ದಿದ್ದರೆ ಮೂಗಿನ ಜೊತೆಗೇ ಹೋಗಬೇಕಿತ್ತು, ನಾಲಿಗೆಯಲ್ಲಿದ್ದಿದ್ದರೆ ನಾಲಿಗೆಯ ಜೊತೆಗೆ. ಹೋಗಲಿಲ್ಲ. ಪಾತ್ರೆಯಲ್ಲಿ ಏನಾಗುತ್ತಿದೆ, ಉಣ್ಣುವವರು ಯಾರು ಎಂಬ ಎರಡು ಗಮನಗಳು ಅವರಲ್ಲಿ ಹಾಗೇ ಉಳಿದಿದ್ದವು. ಅದನ್ನೇ ನಾವೆಲ್ಲ ಇಷ್ಟು ವರ್ಷ ಕೈಗುಣ ಎಂದು ಕರೆಯುತ್ತಿದ್ದೆವು.

ಈ ರಜದಲ್ಲಿ ನೀವೂ ಮಾಡಿ

ಮಕ್ಕಳೇ, ಅಡುಗೆಮನೆಯಲ್ಲಿ ಅಜ್ಜಿಯೋ ತಾತನೋ ಇದ್ದಾಗ ಪಕ್ಕದಲ್ಲಿ ಹೋಗಿ ನಿಲ್ಲಿ. ದೊಡ್ಡವರಿಲ್ಲದೆ ಒಲೆ ಹಚ್ಚಬೇಡಿ, ಕಾದ ಎಣ್ಣೆಯಿಂದ ದೂರ ನಿಲ್ಲಿ. ಕಣ್ಣು ಮುಚ್ಚಿಕೊಂಡು ಸಾಸಿವೆಯ ಸದ್ದು ಕೇಳಿ, ಅದು ನಿಧಾನವಾದದ್ದು ಯಾವಾಗ ಎಂದು ಹೇಳಿ. ಅನ್ನದ ಒಂದು ಅಗುಳು ಬೆರಳಲ್ಲಿ ಹಿಸುಕಿ ಬೆಂದಿದೆಯೋ ಇಲ್ಲವೋ ತೀರ್ಮಾನಿಸಿ. ‘ಎಷ್ಟು ಹಾಕಬೇಕು?’ ಎಂಬ ಪ್ರಶ್ನೆಗೆ ಉತ್ತರ ಪುಸ್ತಕದಲ್ಲೂ ಸಿಗುತ್ತದೆ. ನೀವು ಅಜ್ಜಿಯನ್ನು ಕೇಳಬೇಕಾದದ್ದು ಬೇರೆ: ‘ಸಾಕು ಅಂತ ನಿನಗೆ ಹೇಗೆ ಗೊತ್ತಾಯಿತು?’

ಅಜ್ಜ ಅಜ್ಜಿಯರಲ್ಲೂ ಒಂದು ಕೋರಿಕೆ. ‘ಕಣ್ಣಳತೆ’ ಎಂದು ಹೇಳಿ ನಿಲ್ಲಿಸಬೇಡಿ. ನಿಮ್ಮ ಒಂದು ಹಿಡಿಯನ್ನು ಬಟ್ಟಲಿಗೆ ಸುರಿದು ಮೊಮ್ಮಕ್ಕಳಿಗೆ ತೋರಿಸಿ. ಮೊಮ್ಮಗನನ್ನೂ ಕರೆಯಿರಿ, ನಳನೂ ಭೀಮನೂ ಯಾರೆಂದು ನೆನಪಿದೆಯಲ್ಲ. ಅವರು ಹುರಿದದ್ದು ಸೀದರೆ ‘ಹೋಗಲಿ ಬಿಡು’ ಎಂದು ಸೌಟು ಕಿತ್ತುಕೊಳ್ಳಬೇಡಿ, ಸೀಯುವ ಮುಂಚೆ ಯಾವ ವಾಸನೆ ಬಂತು ಎಂದು ಕೇಳಿ.

ಮೊದಲ ಸಲದ ಸಾರು ನೀರಾಗಬಹುದು, ಮುದ್ದೆಯಲ್ಲಿ ಗಂಟು ಸಿಗಬಹುದು. ಎಲ್ಲರೂ ಒಟ್ಟಿಗೆ ಕೂತು ಉಂಡುಬಿಡಿ. ಯಾರ ತಟ್ಟೆಯಲ್ಲಿ ಏನು ಉಳಿಯಿತು ಎಂದು ನೋಡಿಕೊಂಡು ನಾಳೆ ಇನ್ನೊಮ್ಮೆ ಮಾಡಿ.